ಒಬ್ಬರೇ ಇರುವವರ ಬಳಗ

ಹುಕ್ರಪ್ಪ ಅಂಗಿಗೆ ಇಸ್ತ್ರಿ ಹಾಕಿ ಕಾಲೇಜಿಗೆ ಬಂದದ್ದೇ ತಪ್ಪಾಯಿತು. ಸಿದ್ಧಕಟ್ಟೆಯ ಆ ಕಾಲೇಜಿನಲ್ಲಿ ಗ್ರಂಥಾಲಯದವನ ಅಂಗಿಗೆ ಇಸ್ತ್ರಿ ಬಿತ್ತೆಂದರೆ ಒಂದೋ ಮದುವೆ, ಇಲ್ಲವೇ ರಾಜೀನಾಮೆ ಎಂದು ಲೆಕ್ಕ. ದಾರಿಯಲ್ಲಿ ಸಿಕ್ಕವರೆಲ್ಲ ಅವನಿಗೆ ಶುಭ ಹಾರೈಸಿದರು. ಯಾವುದಕ್ಕೆಂದು ಮಾತ್ರ ಹೇಳಲಿಲ್ಲ.

ಕಾರಣ ಎರಡೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಕಾಲೇಜು ಗ್ರಂಥಾಲಯಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಅದರೊಳಗೆ ಸಿಬ್ಬಂದಿಯ ಬಳಗಗಳು: ಕಂಪ್ಯೂಟರ್ ಬಲ್ಲವರದ್ದು, ಹಳೆಯ ಪುಸ್ತಕ ಕಾಪಾಡುವವರದ್ದು, ಇನ್ನೂ ಏನೇನೋ. ಅವರೆಲ್ಲ ತಣ್ಣನೆಯ ಕೋಣೆಯಲ್ಲಿ ಕೂತು ಚರ್ಚಿಸಿ, ಉಂಡು, ಫೋಟೊ ಕಳಿಸುತ್ತಿದ್ದರು. ಕೊನೆಗೆ, ಬೇಡದ ಕೂಸಿನ ಹಾಗೆ, ‘ಒಬ್ಬರೇ ಇರುವವರ ಬಳಗ’ ಹುಟ್ಟಿತು. ಪುಸ್ತಕ ಕೊಡಲು, ಗೆದ್ದಲು ಓಡಿಸಲು, ಕಸ ಗುಡಿಸಲು, ಪ್ರಿನ್ಸಿಪಾಲರ ಮಗಳ ಪ್ರಾಜೆಕ್ಟು ಟೈಪು ಮಾಡಲು ಒಂದೇ ಜೀವ ಇರುವ ಗ್ರಂಥಾಲಯಗಳ ಬಳಗ ಅದು. ಸದಸ್ಯರು ಮೂವರು: ಸಿದ್ಧಕಟ್ಟೆಯ ಹುಕ್ರಪ್ಪ, ವೇಣೂರಿನ ಡೊಂಬಯ್ಯ, ನೆರಿಯದ ಮಾಜಿದಾ. ಮೂವರೂ ಗುತ್ತಿಗೆಯವರು. ಅಂದರೆ ಕೆಲಸ ಕಾಯಂ, ನೌಕರಿ ಮಾತ್ರ ಕಾಯಂ ಅಲ್ಲ.

ಒಬ್ಬರನ್ನೊಬ್ಬರು ಕಂಡವರಲ್ಲ. ಇದ್ದದ್ದು ಫೋನಿನಲ್ಲಿ ಕಳಿಸುವ ದನಿ ಮಾತ್ರ. ಡೊಂಬಯ್ಯ ಪುಸ್ತಕ ಓದಿ ಬೈಯುವವನು, ಮಾಜಿದಾ ಓದಿ ನಗುವವಳು. ಸ್ಟಾಫ್ ರೂಮಿನಲ್ಲಿ ಗುತ್ತಿಗೆಯವನಿಗೆ ಕುರ್ಚಿ ಇಲ್ಲ. ಹಾಗಾಗಿ ಹುಕ್ರಪ್ಪ ಕಪಾಟುಗಳ ಸಂದಿಯಲ್ಲಿ ಬುತ್ತಿ ಬಿಚ್ಚಿ, ಫೋನನ್ನು ಎದುರಿಗೆ ಒರಗಿಸಿ, ಅವರಿಬ್ಬರ ದನಿ ಕೇಳುತ್ತ ಉಣ್ಣುತ್ತಿದ್ದ. ಒಂದು ದಿನ ಮೂವರೂ ಒಂದೇ ಮೇಜಿಗೆ ಕೂತು ಉಣ್ಣಬೇಕು, ಪುಸ್ತಕದ ಮಾತಾಡುತ್ತ ಕೈ ಒಣಗುವವರೆಗೆ ಕೂತಿರಬೇಕು ಎಂಬುದೇ ಅವನ ಆಸೆ. ಇಂದು ಮೂಡುಬಿದಿರೆಯಲ್ಲಿ ಬಳಗದ ಮೊದಲ ಸಭೆ. ಪ್ರತಿ ಗ್ರಂಥಾಲಯಕ್ಕೂ ಎರಡನೆಯ ಹುದ್ದೆ ಬೇಕೆಂಬ ಬೇಡಿಕೆಯನ್ನೂ ಅವನೇ ಬರೆದು ಕಳಿಸಿದ್ದ.

ಪ್ರಿನ್ಸಿಪಾಲರು ಹೋಗಲು ಒಪ್ಪಿದರು. ಬಾಗಿಲು ಮಾತ್ರ ಮುಚ್ಚಬಾರದು, ಯಾರನ್ನಾದರೂ ಕೂರಿಸಿ ಹೋಗು ಎಂದರು. ವರ್ಷವಿಡೀ ಗ್ರಂಥಾಲಯದ ಕಡೆ ತಲೆ ಹಾಕದವರಿಗೆ ಅಂದು ಅದರ ಬಾಗಿಲು ದೇವಸ್ಥಾನದ ಬಾಗಿಲಿನಷ್ಟು ಮುಖ್ಯವಾಯಿತು.

ಹುಕ್ರಪ್ಪ ಕ್ಯಾಂಟೀನಿನ ಖತೀಜಮ್ಮನ ಬಳಿಗೆ ಓಡಿದ.

“ನಾನು ಕೂರ್ತೇನೆ ಮಗಾ, ಅದಕ್ಕೆಂತ. ನನ್ನ ಎಣ್ಣೆ ಬಾಣಲೆಯ ಹತ್ರ ನೀನು ಯಾರನ್ನು ಕೂರಿಸ್ತೀ?”

ಬಾಣಲೆಯನ್ನೊಮ್ಮೆ ನೋಡಿ ಅವನು ಹಿಂದಿರುಗಿದ. ಆಟದ ಮಾಸ್ತರ ಸುಧಾಕರರು ಕೇಳುವ ಮೊದಲೇ ಒಪ್ಪಿ ಬಂದು ಕೂತರು. ಹುಕ್ರಪ್ಪ ಬುತ್ತಿಚೀಲ ಹೆಗಲಿಗೇರಿಸುವಷ್ಟರಲ್ಲಿ ಕಾದಂಬರಿ ಕಪಾಟಿನಿಂದ ವಿಜ್ಞಾನದ ಕಪಾಟಿಗೆ ಶಟಲ್ ಬಲೆ ಬಿಗಿದಾಗಿತ್ತು. ಮೊದಲ ಹೊಡೆತಕ್ಕೆ ಟ್ಯೂಬ್‌ಲೈಟು, ಎರಡನೆಯದಕ್ಕೆ ವಿಶ್ವಕೋಶದ ಇಡೀ ಸಾಲು ಕೆಳಗೆ. ಪ್ರಿನ್ಸಿಪಾಲರು ಬಂದು ಬೈದದ್ದು ಹುಕ್ರಪ್ಪನಿಗೆ.

ಅವನು ವಿಶ್ವಕೋಶಗಳನ್ನು ತಬ್ಬಿಕೊಂಡು ನಿಂತಿರುವಾಗಲೇ ಪ್ರಿನ್ಸಿಪಾಲರ ಫೋನು ಹೊಡೆದುಕೊಂಡಿತು. ಒಕ್ಕೂಟದವರಂತೆ. ಇಲ್ಲಿ ಕೂರಲು ಅವರೇ ಒಬ್ಬರನ್ನು ಕಳಿಸಿದ್ದಾರಂತೆ, ಆ ಜನ ದಾರಿಯಲ್ಲಿದ್ದಾರಂತೆ. ಯಾರೆಂದು ಕೇಳುವ ವ್ಯವಧಾನ ಹುಕ್ರಪ್ಪನಿಗಿರಲಿಲ್ಲ. ಮೂಡುಬಿದಿರೆ ಬಸ್ಸು ಹಾರ್ನ್ ಹಾಕುತ್ತಿತ್ತು. ಹಾರಿ, ಮೆಟ್ಟಿಲಲ್ಲಿ ನೇತಾಡಿಕೊಂಡೇ ಹೋದ. ಇಳಿಯುವಾಗ ಅಂಗಿ, ಹಸು ಅಗಿದು ಬಿಟ್ಟ ಬಾಳೆಲೆಯ ಹಾಗಿತ್ತು.

ಸಭೆಯ ಕೋಣೆಯಲ್ಲಿ ಬ್ಯಾನರು ಇತ್ತು, ಮೇಜು ಇತ್ತು, ಮೂರು ಕುರ್ಚಿ ಇದ್ದವು. ಜನ ಇರಲಿಲ್ಲ. ಒಕ್ಕೂಟದ ಕಾರ್ಯದರ್ಶಿ ಶಶಿಪ್ರಭಾ ಅವನ ಹೆಸರು ಕೇಳಿ ಬೆಚ್ಚಿದರು.

“ನೀವು ಇಲ್ಲಿ ಎಂತ ಮಾಡ್ತೀರಿ? ವೇಣೂರಿನಲ್ಲಿ ಇರಬೇಕಿತ್ತಲ್ಲ.”

“ವೇಣೂರಿನಲ್ಲಿ ಯಾಕೆ?”

“ಡೊಂಬಯ್ಯನವರ ಜಾಗದಲ್ಲಿ ಕೂರಲಿಕ್ಕೆ. ನಿನ್ನೆ ರಾತ್ರಿಯೇ ಮೆಸೇಜು ಹಾಕಿದ್ದೇನೆ.”

ಹುಕ್ರಪ್ಪ ಫೋನು ತೆಗೆದು ನೋಡಿದ. ಶುಭೋದಯದ ಗುಲಾಬಿ, ದಾಸವಾಳ, ಸೂರ್ಯೋದಯಗಳ ರಾಶಿಯ ಅಡಿಯಲ್ಲಿ ಅವನೊಬ್ಬನಿಗೇ ಕಳಿಸಿದ ಮೆಸೇಜು ಮಲಗಿತ್ತು. ಉಳಿದದ್ದನ್ನು ಶಶಿಪ್ರಭಾ ಬಿಡಿಸಿ ಹೇಳಿದರು. ಬಳಗದವರಿಗೆ ಸಭೆಗೆ ಬರಲು ಬಿಡುವಾಗಬೇಕಲ್ಲ, ಅದಕ್ಕೆ ಕಾರ್ಯಕಾರಿ ಸಮಿತಿ ಕೂತು ಪರಸ್ಪರ ಸಹಕಾರದ ಯೋಜನೆ ಮಾಡಿತ್ತು. ಸಿದ್ಧಕಟ್ಟೆಗೆ ಮಾಜಿದಾ, ನೆರಿಯಕ್ಕೆ ಡೊಂಬಯ್ಯ, ವೇಣೂರಿಗೆ ಹುಕ್ರಪ್ಪ. ಈಗ ಮೂವರಿಗೂ ಬಿಡುವು.

“ಹಾಗಾದ್ರೆ ಸಭೆಗೆ ಯಾರು ಬರುವುದು ಮೇಡಂ?”

ಶಶಿಪ್ರಭಾ ಕುರ್ಚಿಗಳನ್ನು ನೋಡಿದರು. ಸಮಿತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲವೆಂದು ಅವರ ಮುಖವೇ ಹೇಳಿತು. ಬೇಗನೆ ಸಾವರಿಸಿಕೊಂಡರು.

“ಅದಿರಲಿ. ಒಬ್ಬರೇ ಇದ್ರೂ ಯಾವ ಗ್ರಂಥಾಲಯವೂ ಮುಚ್ಚಬೇಕಾಗಿಲ್ಲ ಅಂತ ಇವತ್ತು ಗೊತ್ತಾಯ್ತಲ್ಲ. ಎರಡನೇ ಹುದ್ದೆಯ ಅಗತ್ಯ ಕಾಣುವುದಿಲ್ಲ ಅಂತ ವರದಿ ಬರೀತೇನೆ. ವೇಣೂರು ಮಾತ್ರ ನಿಮ್ಮಿಂದಾಗಿ ಬಾಗಿಲು ಹಾಕಿದೆ. ಬೇಗ ಹೋಗಿ ತೆರೀರಿ.”

ಜನರನ್ನು ಕೊಡದೆ ಕೆಲಸ ತೆಗೆಯುವವರು ಎಂದೂ ಗದರುವುದಿಲ್ಲ, ಹೀಗೆ ಮೆಲ್ಲಗೇ ಮಾತಾಡುತ್ತಾರೆ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಬಳಗದವರು ಯಾವುದಕ್ಕೋ ಒಟ್ಟಿಗೆ ನಕ್ಕರು. ಹುಕ್ರಪ್ಪ ಬಸ್‌ಸ್ಟ್ಯಾಂಡಿಗೆ ನಡೆಯುತ್ತ ಮಾಜಿದಾಳಿಗೆ ಫೋನು ಮಾಡಿದ.

“ಹುಕ್ರಪ್ಪಣ್ಣ, ನಿಮ್ಮ ಕುರ್ಚಿಯಲ್ಲೇ ಕೂತಿದ್ದೇನೆ,” ಎಂದಳು ಅವಳು. “ಈ ಕಿಟಕಿಯಿಂದ ಎಷ್ಟು ಒಳ್ಳೆ ಗಾಳಿ ಬರ್ತದೆ. ನೀವು ಹೇಳಿಯೇ ಇಲ್ಲ.”

“ನನಗೂ ಗೊತ್ತಿಲ್ಲ. ತೆರೆಯಲಿಕ್ಕೆ ಪುರುಸೊತ್ತು ಸಿಕ್ಕಿಲ್ಲ.”

“ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ನನಗೊಬ್ಬಳಿಗೇ ಹೀಗೆ ಹೇಳಿದ್ದಾರೆ ಅಂತ ಗ್ರಹಿಸಿದ್ದು. ಹೋಗಲಿ, ನೀವಿಬ್ಬರಾದ್ರೂ ಒಟ್ಟಿಗೆ ಕೂತಿರ್ತೀರಿ ಅಂತ ಸಮಾಧಾನ ಮಾಡಿಕೊಂಡೆ. ಡೊಂಬಯ್ಯಣ್ಣ ನೋಡ್ಲಿಕ್ಕೆ ಹೇಗಿದ್ದಾರೆ?”

ಬಸ್ಸು ಬಂತು. ಹುಕ್ರಪ್ಪ ಹತ್ತಿ ಕೂತು, ಎತ್ತರದವರು, ಸ್ವಲ್ಪ ಕಪ್ಪು, ನಗುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದ. ಆ ಕಡೆಯಿಂದ ಅವಳ ನಗು ಕೇಳಿಸಿತು. ಹಾಗೇ ಆಗಿರಬೇಕೆಂದು ಅವಳು ಮೊದಲೇ ಎಣಿಸಿದ್ದಳಂತೆ.

ವೇಣೂರಿನ ಗ್ರಂಥಾಲಯದ ಬಾಗಿಲು ತೆರೆದು, ಡೊಂಬಯ್ಯನ ಕುರ್ಚಿಯ ಧೂಳು ಒರೆಸಿ ಹುಕ್ರಪ್ಪ ಕೂತ. ಊಟದ ಹೊತ್ತಾಗಿತ್ತು. ಪುಸ್ತಕ ಹಿಂತಿರುಗಿಸಲು ಬಂದ ವಿದ್ಯಾರ್ಥಿನಿಯೊಬ್ಬಳು ಹೊಸ ಮುಖ ನೋಡಿ ನಿಂತಳು.

“ಡೊಂಬಯ್ಯ ಸರ್ ಇಲ್ವಾ?”

“ಮೀಟಿಂಗಿಗೆ ಹೋಗಿದ್ದಾರೆ,” ಎಂದ ಹುಕ್ರಪ್ಪ. “ಅಲ್ಲಿ ಮೂರು ಜನ ಒಟ್ಟಿಗೆ ಊಟಕ್ಕೆ ಕೂತಿರಬೇಕು ಈಗ.”