ಅಂಗಡಿ ಹೂಂ

"ಇವತ್ತು ಹರಿಹರದಿಂದ ವಾಪಸ್ ಬರೋ ತನಕ ನನ್ನ ಬಾಯಿಂದ ಒಂದೇ ಒಂದು ‘ಹೂಂ’ ಬಿತ್ತು ಅಂದ್ರೆ, ನನ್ನ ಹೆಸರು ತಿಮ್ಮೇಶ್ ಅಲ್ಲ!"

ಸರಸ್ವತಿ ನಗರದ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿಮ್ಮೇಶ್ ಗುಡುಗಿದ. ಹೆಂಡತಿ ಶಾಂತಲಾ ಲಗ್ನಪತ್ರಿಕೆ, ಕುಂಕುಮದ ಭರಣಿ, ಒಂದು ಇಳಕಲ್ ಸೀರೆ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಸರು ಬದಲಾಯ್ಸಾಕೆ ಈಗ ಟೈಮಿಲ್ಲ ರೀ. ಪತ್ರಿಕೆ ಪ್ರಿಂಟ್ ಆಗೈತೆ."

ಈ ಘನಘೋರ ಪ್ರತಿಜ್ಞೆಗೆ ಕಾರಣ ತಿಮ್ಮೇಶನ ಉದ್ಯೋಗ. ದಾವಣಗೆರೆಯಲ್ಲಿ ಅವನದು ಸೀರೆ ಅಂಗಡಿ. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಅವನು ಕಂಡುಕೊಂಡ ಪರಮಸತ್ಯವೆಂದರೆ, ಸೀರೆ ಕೊಳ್ಳಲು ಬಂದವರು ಬರೀ ಸೀರೆ ಕೊಳ್ಳಲು ಬಂದಿರುವುದಿಲ್ಲ. ಯಾರ ಮದುವೆ, ಬೀಗರು ಎಂಥವರು, ಹೋದ ಸಲ ಕೊಟ್ಟ ಸೀರೆಯನ್ನು ಯಾವ ನಾದಿನಿ ನೆಲ ಒರೆಸಲು ಹಾಕಿಕೊಂಡಳು, ಇದೆಲ್ಲ ಹೇಳಿ ಹಗುರಾದ ಮೇಲೆಯೇ ಅವರ ಕಣ್ಣು ಸೀರೆಯ ಸೆರಗಿಗೆ ಇಳಿಯುವುದು. ಆ ಹೊತ್ತಿನಲ್ಲಿ ತಿಮ್ಮೇಶನ ಕೈ ಮಡಿಕೆ ಬಿಚ್ಚುತ್ತಿರುತ್ತದೆ. ಬಾಯಿ ತನ್ನ ಪಾಡಿಗೆ ತಾನು "ಹೌದಾ?", "ಯಪ್ಪಾ!", "ತ್ಚು ತ್ಚು", "ಬಿಡ್ರಿ ಅತ್ಲಾಗೆ!" ಎಂದು ಸರದಿಯ ಪ್ರಕಾರ ಉದುರಿಸುತ್ತಿರುತ್ತದೆ. ಕಿವಿಗೆ ಮಾತ್ರ ಪೂರ್ತಿ ರಜೆ! ಲೋಕಿಕೆರೆಯ ಉಡಚಮ್ಮ ಒಮ್ಮೆ ಸೊಸೆಯ ಕಾಟವನ್ನೆಲ್ಲ ತೋಡಿಕೊಂಡಾಗ, "ಯಪ್ಪಾ, ಹೆಂಗ್ ತಡ್ಕಂಡ್ರಿ ಅಮ್ಮಾರೆ!" ಎಂಬ ಒಂದೇ ಮಾತಿಗೆ ಕಣ್ಣೊರೆಸಿಕೊಂಡು ನಾಲ್ಕು ಸೀರೆ ಹೆಚ್ಚಿಗೆ ಒಯ್ದಿದ್ದರು. ಅದರಲ್ಲಿ ಒಂದು ಸೊಸೆಗೇ!

ಇಂಥ ಯಂತ್ರ ಹೋದ ವರ್ಷ ಒಂದು ಮಧ್ಯಾಹ್ನ ಕೈಕೊಟ್ಟಿತು. ಅಂಗಡಿಯ ತುಂಬ ಮದುವೆಯ ಜನ. ಹರಿಹರದಿಂದ ಅಕ್ಕ ಕೊಟ್ರವ್ವನ ಫೋನು. ಅದನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ತಿಮ್ಮೇಶ್ ಸೀರೆ ಬಿಚ್ಚುತ್ತಿದ್ದ.

"ತಿಮ್ಮಾ, ನಿಮ್ ಭಾವ ನಂದಿಗುಡಿ ಗದ್ದೆ ಬದುವಿನ ಮ್ಯಾಲೆ ಜಾರಿ ಬಿದ್ದು ಕಾಲು ಮುರ್ಕಂಡಾರೋ!"

"ಹಾಂ ಹಾಂ, ಭಾಳ ಒಳ್ಳೇದಾತಕ್ಕ! ಶುಭವಾಗ್ಲಿ!"

ಮರುದಿನ ವಿಷಯ ತಿಳಿದು ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಓಡಿದ. ಅಕ್ಕ ಗೋಡೆ ಕಡೆ ತಿರುಗಿ ಕೂತಳು. ಅಂದಿನಿಂದ ಮಾತು ಬಂದ್.

ಈಗ ಮಗಳು ಅಂಬಿಕಾಳ ಮದುವೆಗೆ ಒಂಬತ್ತೇ ದಿನ. ಅವರ ಮನೆತನದಲ್ಲಿ ಮದುಮಗಳ ಕೆನ್ನೆಗೆ ಮೊದಲ ಅರಿಶಿನ ಹಚ್ಚುವುದು ಸೋದರತ್ತೆ. ಅವಳು ಹಚ್ಚದೆ ಬೇರೆಯವರು ಬಟ್ಟಲು ಮುಟ್ಟುವ ಹಾಗಿಲ್ಲ. ತಿಮ್ಮೇಶನಿಗೆ ಇರುವವಳು ಒಬ್ಬಳೇ ಅಕ್ಕ. "ಅತ್ತೆ ಬರ್ಲಿಲ್ಲ ಅಂದ್ರೆ ನಾನು ಅರಿಶಿನಕ್ಕೇ ಕೂಡ್ರಲ್ಲ" ಎಂದು ಅಂಬಿಕಾ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಮನಶ್ಶಾಸ್ತ್ರ ಓದಿದವಳು ಬೇರೆ! ಅಪ್ಪನಿಗೆ ಒಂದು ಪಾಠವನ್ನೂ ಮಾಡಿ ಕಳಿಸಿದಳು: "ಅತ್ತೆ ಮಾತಾಡೋವಾಗ ನಡುವೆ ಬಾಯಿ ಹಾಕ್ಬ್ಯಾಡ. ನಿನ್ನ ಹೂಂ, ಹೌದಾ ಎಲ್ಲಾ ಅಂಗಡೀಲಿ ಬಿಟ್ಟು ಹೋಗು. ಕಣ್ಣಲ್ಲಿ ಕಣ್ಣಿಟ್ಟು ಸುಮ್ನೆ ಕೇಳು."

ಹರಿಹರದಲ್ಲಿ ಬಾಗಿಲು ತೆರೆದ ಕೊಟ್ರವ್ವ, "ಬರ್ರಿ. ಕೂಡ್ರಿ" ಎಂದಳು.

ತಿಮ್ಮೇಶ್ ಹೊಸ್ತಿಲಲ್ಲೇ ನಿಂತುಬಿಟ್ಟ. ತೊಟ್ಟಿಲಲ್ಲಿದ್ದಾಗಿನಿಂದ "ಲೋ ತಿಮ್ಮ" ಎಂದು ಕರೆದ ಅಕ್ಕ ಈಗ ಬಹುವಚನ ಹಚ್ಚಿದ್ದಾಳೆ! ಇದಕ್ಕಿಂತ ಪೊರಕೆ ಎತ್ತಿದ್ದರೆ ಸಮಾಧಾನವಾಗುತ್ತಿತ್ತು. ಭಾವ ಗುತ್ತೆಪ್ಪ ಮೂಲೆಯ ಕುರ್ಚಿಯಲ್ಲಿ ಪೇಪರಿನ ಹಿಂದೆ ಮರೆಯಾಗಿ ಕೂತಿದ್ದರು. ಕಾಲು ಗಟ್ಟಿಯಾಗಿತ್ತು, ಎದ್ದು ಬಂದು ಮಾತಾಡಿಸುವ ಧೈರ್ಯ ಗಟ್ಟಿಯಾಗಿರಲಿಲ್ಲ.

"ಅಕ್ಕಾರೆ, ನೀವು ಬರ್ಲೇಬೇಕು" ಎಂದು ಶಾಂತಲಾ ಪತ್ರಿಕೆ ಮುಂದಿಟ್ಟಳು.

"ಬರಾದು ಬಿಡಾದು ಆಮ್ಯಾಲೆ. ಮೊದ್ಲು ನಾ ಹೇಳಾದು ಕೇಳ್ರಿ. ಒಂದು ವರ್ಷದಿಂದ ಹೊಟ್ಟೆಲಿ ಇಟ್ಕಂಡೀನಿ."

ತಿಮ್ಮೇಶ್ ಬೆನ್ನು ನೆಟ್ಟಗೆ ಮಾಡಿದ, ತುಟಿ ಬಿಗಿದ, ಅಕ್ಕನ ಕಣ್ಣಲ್ಲಿ ಕಣ್ಣು ನೆಟ್ಟ.

"ಅವತ್ತು ಬೆಳಿಗ್ಗೆ ಎಂಟು ಗಂಟೆ ಬಸ್ಸಿಗೆ ನಂದಿಗುಡಿಗೆ ಹೋದ್ರು..."

ಮೌನ.

"ರಾತ್ರಿಯೆಲ್ಲ ಮಳೆ ಬಂದು ಬದು ಜಾರ್ತಾ ಇತ್ತು..."

ಮೌನ.

"ಧಪ್ ಅಂತ ಬಿದ್ರು!"

ಮಹಾಮೌನ! ರೆಪ್ಪೆ ಕೂಡ ಬಡಿಯಲಿಲ್ಲ.

ಕೊಟ್ರವ್ವ ಮಾತು ನಿಲ್ಲಿಸಿದಳು. "ಫೋನ್ ಆಗಿದ್ರೆ ಲೈನ್ ಕಟ್ಟಾತು ಅಂತಿದ್ದೆ. ಇವ್ರು ಎದ್ರಿಗೆ ಕುಂತೇ ಕಟ್ ಆಗ್ಯಾರಲ್ಲ! ಯಾಕ ಹಿಂಗೆ ದುರುಗುಟ್ಟಿ ನೋಡ್ತೀರಿ? ಜಗಳಕ್ಕೆ ಬಂದೀರೇನು?"

ಶಾಂತಲಾ ಗಂಡನ ಸೊಂಟ ಚಿವುಟಿದಳು. "ರೀ, ಹೂಂ ಅನ್ರಿ!"

"ಅಂಬಿಕಾ ಬ್ಯಾಡ ಅಂದಾಳೆ!" ಎಂದು ತಿಮ್ಮೇಶ್ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ.

ಅಷ್ಟರಲ್ಲಿ ಪಕ್ಕದ ಮನೆಯ ದಿಲ್ಷಾದ್ ಬೇಗಂ ಪಾಯಸದ ಪಾತ್ರೆ ವಾಪಸ್ ಕೊಡಲು ಒಳಗೆ ಬಂದರು. ಕೊಟ್ರವ್ವ ತಮ್ಮನಿಗೆ ಬೆನ್ನು ಮಾಡಿ ಅವರ ಕಡೆ ತಿರುಗಿಬಿಟ್ಟಳು.

"ಧಪ್ ಅಂತ ಬಿದ್ರಲ್ಲ ದಿಲ್ಷಾದ್!"

"ಹಾಯ್ ಅಲ್ಲಾ!"

"ಪಾದ ಹಿಂದ್ಮುಂದೆ ಆಗಿತ್ತು!"

"ತೋಬಾ ತೋಬಾ!"

"ಎತ್ತಾಕೆ ಒಬ್ಬ ನರಪಿಳ್ಳೆ ಇಲ್ಲ..."

"ಅರೆರೆರೆ! ಆಮೇಲೆ?"

ಆಕೆ ಈ ಕಥೆಯನ್ನು ಏನಿಲ್ಲವೆಂದರೂ ನಲವತ್ತನೇ ಸಲ ಕೇಳುತ್ತಿದ್ದರು. ಆದರೆ ಒಂದು ತೋಬಾ ಕೂಡ ಹಳಸಿರಲಿಲ್ಲ! ಕೊಟ್ರವ್ವನ ಮುಖ ಬಿಸಿಲಿಗಿಟ್ಟ ಹಪ್ಪಳ ಎಣ್ಣೆ ಕಂಡ ಹಾಗೆ ಅರಳುತ್ತಿತ್ತು.

ತಿಮ್ಮೇಶನಿಗೆ ತಡೆದುಕೊಳ್ಳಲು ಆಗಲಿಲ್ಲ. ತನ್ನ ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿ ಎದುರು ಅಂಗಡಿಗೆ ಹೋಗಿ ಕೂತರೆ ಯಾವ ವ್ಯಾಪಾರಿ ಸುಮ್ಮನಿರುತ್ತಾನೆ? ಪ್ರತಿಜ್ಞೆ ಅಲ್ಲೇ ಬಿತ್ತು.

"ಆಂಬುಲೆನ್ಸ್ ಬರಾಕೆ ಮುಕ್ಕಾಲು ತಾಸು!" ಎಂದಳು ಕೊಟ್ರವ್ವ.

"ಯಾ ಖುದಾ!" ಎಂದರು ದಿಲ್ಷಾದ್ ಬೇಗಂ.

"ಯಪ್ಪಾ! ಹೌದಾ? ತ್ಚು ತ್ಚು! ಹೆಂಗ್ ತಡ್ಕಂಡ್ರಿ ಅಮ್ಮಾರೆ!" ಎಂದು ತಿಮ್ಮೇಶ್ ಇದ್ದಬದ್ದ ಮಾಲನ್ನೆಲ್ಲ ಒಂದೇ ಉಸಿರಿಗೆ ಹರಡಿದ.

ಕೊಟ್ರವ್ವ ನಿಧಾನಕ್ಕೆ ತಿರುಗಿದಳು. "ಅಮ್ಮಾರಾ? ನಾನು ನಿಮಗೆ ಅಮ್ಮಾರಾ? ಇದು ಅಂಗಡಿ ಹೂಂ. ನಿಮ್ ಗಿರಾಕಿಗೆ ಇಟ್ಕಳ್ರಿ, ನನಗೆ ಬ್ಯಾಡ!" ಎಂದು ಪತ್ರಿಕೆಯನ್ನು ಹಿಂದಕ್ಕೆ ಸರಿಸಿದಳು. "ಅರಿಶಿನ ಯಾರ ಕೈಲಾದ್ರೂ ಹಚ್ಚಿಸ್ಕಳ್ರಿ, ಹೋಗ್ರಿ."

ಶಾಂತಲಾಳ ಕಣ್ಣಲ್ಲಿ ನೀರಾಡಿತು. ಅರಿಶಿನದ ಮಣೆಯ ಮುಂದೆ ಹಟ ಹಿಡಿದು ನಿಂತ ಮಗಳು ತಿಮ್ಮೇಶನ ಕಣ್ಣಿಗೆ ಕಟ್ಟಿದಳು. ಮೂಲೆಯಲ್ಲಿ ಪೇಪರು ಸಣ್ಣಗೆ ನಡುಗಿತು.

ದಿಲ್ಷಾದ್ ಬೇಗಂ ಪಾತ್ರೆ ಕೆಳಗಿಟ್ಟರು. "ಕೊಟ್ರವ್ವ, ಕಾಲಿಂದು ಬಿಡು. ಅದೆಲ್ಲಾ ನನಗೆ ಹೇಳಿದ್ದು ಸಾಕು. ಆ ಫೋನಿಂದು ಇವ್ರಿಗೆ ಹೇಳಿದೀಯೇನು? ಅದನ್ನ ಹೇಳು."

ಕೊಟ್ರವ್ವ ಸೆರಗಿನ ಅಂಚು ಹಿಡಿದು ತಿರುಚಿದಳು. ದನಿ ಇಳಿಯಿತು.

"ಆಸ್ಪತ್ರೆ ಬಾಗ್ಲಲ್ಲಿ ನಿಂತು ಮೊದ್ಲು ನಿನಗೇ ಫೋನ್ ಹಚ್ಚಿದೆ ಕಣೋ. ಮಕ್ಕಳಿಗಿಂತ ಮೊದ್ಲು. ನೀನು ಶುಭವಾಗ್ಲಿ ಅಂದಿ. ಪಕ್ಕದಲ್ಲಿ ನಿಂತಿದ್ದ ಆಯಾ, ‘ಯಾರಮ್ಮ? ಏನಂದ್ರು?’ ಅಂತ ಕೇಳಿದ್ಳು. ನಾನೇನ್ ಹೇಳ್ಲಿ? ‘ನನ್ ತಮ್ಮ. ಅಳ್ತಾ ಅದಾನೆ, ಮಾತೇ ಹೊರಡ್ತಿಲ್ಲ ಅವಂಗೆ’ ಅಂತ ಸುಳ್ಳು ಹೇಳಿದೆ."

ಇಪ್ಪತ್ತೆರಡು ವರ್ಷದ ರಜೆ ಮುಗಿಸಿ ತಿಮ್ಮೇಶನ ಕಿವಿ ಆ ಗಳಿಗೆ ಕೆಲಸಕ್ಕೆ ಹಾಜರಾಯಿತು. ಮಗಳು ಹೇಳಿಕೊಟ್ಟದ್ದು, ಅಂಗಡಿ ಕಲಿಸಿದ್ದು ಎರಡೂ ಎತ್ತಲೋ ಹೋದವು.

"ಥೋ..." ಎಂದಿತು ಬಾಯಿ. ಸ್ವಲ್ಪ ತಡೆದು, "ಥೋ ಅಕ್ಕಾ..."

ಅಷ್ಟೇ. ಮುಂದೆ ಏನೂ ಹೊರಡಲಿಲ್ಲ. ಅಕ್ಕ ಆಯಾಗೆ ಹೇಳಿದ ಸುಳ್ಳು ಈಗ ನಿಜವಾಗಿತ್ತು.

ಕೊಟ್ರವ್ವ ತಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು. ಜರಿ ನಿಜವೋ ನಕಲಿಯೋ ಎಂದು ಗೀರಿ ನೋಡುವ ಗಿರಾಕಿಗೂ ಅಷ್ಟು ಚೂಪು ಕಣ್ಣಿರುವುದಿಲ್ಲ!

"ಇದು ಅಸ್ಲಿ" ಎಂದಳು ಕೊನೆಗೆ. "ಲೋ ತಿಮ್ಮ, ಇಷ್ಟು ಅನ್ನಾಕೆ ಒಂದು ವರ್ಷ ಬೇಕಾತೇನೋ ನಿನಗೆ?"

ಏಕವಚನ! ಆಹಾ, ಆ ಏಕವಚನ ಕೇಳಿ ತಿಮ್ಮೇಶನಿಗೆ ಕೊರಳಿಗೆ ಹಾರ ಬಿದ್ದಷ್ಟು ಹಿಗ್ಗಾಯಿತು. ಶಾಂತಲಾ ಬಿಟ್ಟ ನಿಟ್ಟುಸಿರಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಅಲ್ಲಾಡಿತು. ದಿಲ್ಷಾದ್ ಬೇಗಂ ಎರಡೂ ಕೈಯಿಂದ ಕೊಟ್ರವ್ವನ ದೃಷ್ಟಿ ತೆಗೆದು ಲಟಿಕೆ ಮುರಿದರು. ಕೊಟ್ರವ್ವ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಹಣೆ ಮುಂದೆ ಮಾಡಿದಳು. ಶಾಂತಲಾ ಕುಂಕುಮ ಹಚ್ಚಿದಳು.

"ಬರ್ತೀನಿ. ಅರಿಶಿನದ ದಿನ ಬಂದು ಹೋಗಾದಲ್ಲ, ಮುಂಚೆನೇ ಬಂದು ಇರ್ತೀನಿ. ಒಂದು ವರ್ಷದ್ದು ಎಲ್ಲಾ ಹೇಳಾದೈತೆ. ಅಂಗಡಿ ಬಾಗ್ಲು ಹಾಕಿ ಎದ್ರಿಗೆ ಕುಂತು ಕೇಳ್ಬೇಕು ನೀನು. ತಿಳೀತಾ?"

"ಹೂಂ ಅಕ್ಕ" ಎಂದ ತಿಮ್ಮೇಶ್, ತಲೆ ತಗ್ಗಿಸಿ.

ಆಗ ಮೂಲೆಯ ಪೇಪರು ಮೊದಲ ಸಲ ಮಡಚಿಕೊಂಡಿತು. ಗುತ್ತೆಪ್ಪ ಎದ್ದು ಚುರುಕಾಗಿ ಒಳಗೆ ಹೋದವರು, ಅಷ್ಟೇ ಚುರುಕಾಗಿ ಒಂದು ಉಬ್ಬಿದ ಬ್ಯಾಗು ತಂದು ತಿಮ್ಮೇಶನ ಕಾಲ ಬಳಿ ಇಟ್ಟರು. ಜಿಪ್ ಎಳೆದಿತ್ತು, ಬೀಗವೂ ಬಿದ್ದಿತ್ತು!

"ಇದೇನು ಭಾವ, ಇಷ್ಟು ಬೇಗ ಅಕ್ಕನ ಬಟ್ಟೆ ತುಂಬಿದ್ರಾ?"

ಗುತ್ತೆಪ್ಪ ಹೆಂಡತಿಯ ಕಡೆ ಒಮ್ಮೆ ನೋಡಿ, ಭಾವಮೈದುನನ ಕಿವಿಯ ಹತ್ತಿರ ಬಗ್ಗಿದರು.

"ಬೇಗ ಎಲ್ಲಿ ಬಂತೋ ಮಾರಾಯ! ಒಂದು ವರ್ಷದಿಂದ ನಿನ್ನ ಪಾಲಿನ ಹೂಂ ಎಲ್ಲಾ ನಾನೇ ಹಾಕೀನಿ. ಕಾಲಿನ ಪಟ್ಟಿ ಮೂರೇ ತಿಂಗಳಿಗೆ ಬಿಚ್ಚಿದ್ರು, ಕಿವಿಗೆ ಇವತ್ತು ಡಿಸ್ಚಾರ್ಜ್ ಸಿಕ್ಕೈತೆ. ಎತ್ಕ ಬ್ಯಾಗು, ಆಕಿ ಮನಸ್ಸು ಬದಲಾಯ್ಸಾದ್ರೊಳಗೆ ಗಾಡಿ ಹತ್ಸು!"