ಅಜ್ಜನ ಹೆಸರಿನ ವೆಬ್ ವಿಳಾಸ

ದೇವರಿಗೆ ಕೈಮುಗಿದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದೇ ನಾನು ಕಂಪ್ಯೂಟರಿನ ಮುಂದೆ ಕೂಡುವುದು. ಆದರೂ ಜನರ ಹೆಸರಿನ ತಕರಾರು ನನ್ನನ್ನು ಬಿಟ್ಟಿಲ್ಲ. ಬೀದರಿನ ಒಂದು ಶಿಕ್ಷಣ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಭಾಲ್ಕಿ, ಔರಾದಗಳಲ್ಲೂ ನಮ್ಮ ಕಾಲೇಜುಗಳಿವೆ. ಈಚೆಗೆ ವೆಬ್‌ಸೈಟಿನ ಲಾಗಿನ್ ಅನ್ನು ಸಿಬ್ಬಂದಿಯ ಹೆಸರಿನ ಪಟ್ಟಿಗೆ ಜೋಡಿಸಿದೆವು. ಅಂದರೆ, ಕಚೇರಿಯ ಪಾಸ್‌ವರ್ಡ್ ಹಾಕಿ ಒಳಗೆ ಬಂದವರ ಪುಟಕ್ಕೆ ಅವರ ಹೆಸರಿನಲ್ಲೇ ಒಂದು ವಿಳಾಸ ತಾನಾಗಿ ತಯಾರಾಗುತ್ತದೆ. ಅಲ್ಲಿಂದ ಶುರುವಾಯಿತು.

೧. ಕುಂತವರು ಯಾರು?

ಮೊದಲು ಲಾಗಿನ್ ಆದವರು ನಮ್ಮ ಪ್ರಾಚಾರ್ಯರು. ‘ಈ ವಿಳಾಸ ಆಗಲೇ ಬಳಕೆಯಲ್ಲಿದೆ’ ಎಂದು ಪರದೆಯ ಮೇಲೆ ಕೆಂಪಗೆ ಬಂತು. ನನ್ನನ್ನು ಕರೆಸಿದರು.

“ನನ್ನ ಜಾಗಾದಾಗ ಯಾರು ಕುಂತಾರ್ರೀ?”

ನೋಡಿದೆ. ಹಿಂದೆ ನಾವೇ ಕೈಯಾರೆ ಮಾಡಿಟ್ಟಿದ್ದ ಅವರ ಹಳೇ ಪುಟ. “ನೀವೇ ಕುಂತೀರಿ ಸರ್.”

ಅವರು ಕನ್ನಡಕ ಏರಿಸಿ ಪರದೆಯತ್ತ ಬಗ್ಗಿದರು.

“ಹಂಗಾದ್ರ ನನ್ನ ಎಬ್ಬಿಸಿ, ನನ್ನ ಕುಂಡ್ರಿಸ್ರಿ. ಜಲ್ದಿ!”

೨. ಸೊನ್ನೆ ಯಾರಿಗೆ?

ಮುಂದಿನ ಫೋನು ಭಾಲ್ಕಿಯ ಉಪನ್ಯಾಸಕನದು. ಅವನಿಗೆ ಬೀದರಿನ ಪಕ್ಕದ ಚಿದ್ರಿಯ ಒಂದು ಸಂಬಂಧ ಬಂದಿತ್ತು. ಹುಡುಗನ ವಿವರ ಬೇಕು ಎಂದ ಹುಡುಗಿಯ ತಂದೆಗೆ ಇವನು ತನ್ನ ಪುಟದ ವಿಳಾಸ ಕಳಿಸಿದ್ದ.

“ಕನ್ಯಾ ನೋಡ್ಲಾಕ ಬರಬ್ಯಾಡ್ರಿ ಅಂದಾರ್ರಿ! ನನ್ನ ಪುಟದಾಗ ನಮ್ಮ ಅಣ್ಣ ಹೆಂಡ್ತಿ ಮಕ್ಕಳ ಸಂಗಟ ನಕ್ಕೋತ ನಿಂತಾನ!”

ಅಣ್ಣನೆಂದರೆ ದೊಡ್ಡಪ್ಪನ ಮಗ, ನಮ್ಮದೇ ಔರಾದ ಕಾಲೇಜಿನ ಗುಮಾಸ್ತ. ನಮ್ಮ ಕಡೆ ಅಣ್ಣತಮ್ಮಂದಿರೆಲ್ಲ ತಮ್ಮ ತಮ್ಮ ಮಗನಿಗೆ ಅವನ ಅಜ್ಜನ ಹೆಸರನ್ನೇ ಇಡುತ್ತಾರೆ. ಹೀಗಾಗಿ ಇಬ್ಬರಿಗೂ ಅಜ್ಜನ ಹೆಸರು, ಅಡ್ಡಹೆಸರೂ ಒಂದೇ. ಕೈಯಾರೆ ಮಾಡಿದ ಪುಟವನ್ನು ಮುಟ್ಟದ ಸಿಸ್ಟಮ್, ತಾನೇ ಕಟ್ಟಿದ ವಿಳಾಸವನ್ನು ಮಾತ್ರ ಕೊನೆಗೆ ಲಾಗಿನ್ ಆದವರಿಗೆ ಎತ್ತಿ ಕೊಡುತ್ತಿತ್ತು; ತಮ್ಮನ ನಂತರ ಅಣ್ಣ ಲಾಗಿನ್ ಆಗಿದ್ದ.

“ಫಿಕರ್ ಮಾಡಬ್ಯಾಡ್ರಿ. ನಿಮ್ಮ ಹೆಸರಿನ ಮುಂದ ಒಂದು ಸೊನ್ನಿ ಹಚ್ಚತೇನಿ, ತಕರಾರು ಸಾಫ್.”

“ಹುಡುಗಿ ಮನಿಯವರಿಗಿ ತೋರಸೋ ಹೆಸರಿಗಿ ಸೊನ್ನಿ ಹಚ್ಚತೀರಿ? ಅಣ್ಣಗ ಹಚ್ರಿ. ಅವಂದು ಲಗ್ನ ಆಗೇದ!”

೩. ಸಾಕ್ಷಿ

ಅಣ್ಣನಿಗೆ ಫೋನು ಮಾಡಿ, ಸ್ವಲ್ಪ ದಿನ ಲಾಗಿನ್ ಆಗಬೇಡಿ ಎಂದೆ.

“ನಾ ಹಾಜರಿ ಹಾಕ್ಲಾಕ ಬರ್ತೇನ್ರಿ, ಅವನ ಕನ್ಯಾ ಕಸಗೊಳ್ಳಾಕಲ್ಲ,” ಎಂದು ಸಿಟ್ಟಾದ.

ಕೊನೆಗೆ ಸೊನ್ನೆ ಬಿಟ್ಟು, ಇಬ್ಬರ ವಿಳಾಸಕ್ಕೂ ಊರಿನ ಹೆಸರು ಸೇರಿಸಿದೆ. ಲಾಗಿನ್ ಆದಾಗಲೆಲ್ಲ ಹೊಸ ವಿಳಾಸ ಕಟ್ಟುವುದನ್ನೂ ನಿಲ್ಲಿಸಿದೆ. ಪುಟ ಸರಿಯಾಯಿತು, ಸಂಬಂಧ ಸರಿಯಾಗಲಿಲ್ಲ. ಹುಡುಗಿಯ ತಂದೆ ಹೇಳಿ ಕಳಿಸಿದರು: “ನಿನ್ನಿ ಹೆಂಡ್ತಿ ಮಕ್ಕಳಿದ್ದರು, ಇವತ್ತ ಮಾಯ ಆಗ್ಯಾರಂದ್ರ ಇದು ಇನ್ನೂ ದೊಡ್ಡ ಮೋಸ.”

ಕೊನೆಗೆ ಭಾನುವಾರ ಉಪನ್ಯಾಸಕ, ಅವನ ತಾಯಿ, ಔರಾದದ ಅಣ್ಣನ ಸಂಸಾರ, ಸಾಕ್ಷಿಗೆ ನಾನು, ಎಲ್ಲರೂ ಚಿದ್ರಿಗೆ ಹೋದೆವು. ಹುಡುಗಿಯ ತಂದೆ ಅಣ್ಣತಮ್ಮಂದಿರನ್ನು ಜೋಡಿಯಾಗಿ ಕುಳ್ಳಿರಿಸಿ, ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಹಿಂದಿನ ಪುಟದ ಫೋಟೋ ಹಿಡಿದು ನೋಡಿದರು. ಇಬ್ಬರದೂ ಅಜ್ಜನದೇ ಮುಖ. ಅವರು ಅಣ್ಣನ ಹೆಂಡತಿಯ ಕಡೆ ತಿರುಗಿದರು.

“ನಿಮ್ಮ ಯಜಮಾನ್ರ ಹೆಸರು ಹೇಳ್ರಿ ತಂಗಿ.”

ಆಕೆ ಸೆರಗು ಸರಿ ಮಾಡಿಕೊಂಡಳು. “ಗಂಡನ ಹೆಸರು ಹ್ಯಾಂಗ ಹೇಳ್ಲಿರಿ? ಹೇಳಿದ್ರೂ ಏನ್ ಉಪಯೋಗ, ಮೈದುನನ ಹೆಸರೂ ಅದೇ ಅದ,” ಎಂದು ಬೆರಳು ಮಾಡಿ ಗಂಡನನ್ನು ತೋರಿಸಿದಳು.

ಹುಡುಗಿಯ ತಂದೆ ನಕ್ಕುಬಿಟ್ಟರು. ಚಹಾ ಬಂತು, ಹುಡುಗಿಯೂ ಬಂದಳು, ಮದುವೆಯ ಮಾತು ಕುದುರಿತು.

“ಒಂದಽ ಶರತ್ತು,” ಎಂದರು ಅವರು. “ನಾಳಿ ಗಂಡು ಹುಟ್ಟಿದ್ರ ನಿಮ್ಮ ಹಿರಿಯರ ಹೆಸರು ಇಡಬ್ಯಾಡ್ರಿ.”

ಹುಡುಗನ ತಾಯಿ ಉದಾರವಾಗಿ ಹೇಳಿದರು, “ಆಗ್ಲಿರಿ. ನಿಮ್ಮ ತಂದಿಯವರ ಹೆಸರೇ ಇಡ್ತೇವಿ.”

ಹುಡುಗಿಯ ತಂದೆ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಅದೂ ಬ್ಯಾಡ್ರೀ ಬೀಗತಿ. ಆ ಹೆಸರು ಕೂಗಿದ್ರ ನನ್ನ ಮಗ, ನನ್ನ ತಮ್ಮಂದಿರ ಮಕ್ಕಳು, ಎಲ್ಲಾರೂ ಓಡಿ ಬರ್ತಾರ.”