ಅತ್ತೆಯ ತಲೆ ಯಾವ ಕಡೆ?

"ಅತ್ತೆ, ನೀವು ತಲೆ ಯಾವ ಕಡೆ ಹಾಕಿ ಮಲಗ್ತೀರಿ?"

ವೆಂಡೆಲ್ ಇದನ್ನು ಕೇಳಿದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿದುಕೊಳ್ಳುತ್ತ, ಪರಮ ಸದುದ್ದೇಶದಿಂದ. ಆದರೆ ಎಪ್ಪತ್ತೆಂಟು ವರ್ಷದ ಓಪಲ್‌ಗೆ ಅಳಿಯನ ಸದುದ್ದೇಶದ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಮಗಳ ಮದುವೆಯ ದಿನ ಗಂಟಿಕ್ಕಿಕೊಂಡಿದ್ದ ಮುಖವನ್ನು ಅವಳು ಈಚೆಗಷ್ಟೇ ಸಡಿಲಿಸಿ, ಭಾನುವಾರಕ್ಕೊಮ್ಮೆ ಅವನಿಗೆಂದೇ ಪೀಚ್ ಪೈ ಮಾಡತೊಡಗಿದ್ದಳು. (ಆ ಪೈ ಒಂದು ತುಂಡಿಗಾಗಿ ಅವನು ಮಾಡಿದ್ದು ತಪಸ್ಸಲ್ಲದೆ ಮತ್ತೇನು!)

"ಯಾಕೆ?" ಎಂದಳು ಓಪಲ್, ಚಮಚ ಕೆಳಗಿಟ್ಟು.

"ಸುಮ್ನೆ ಕೇಳ್ದೆ."

"ಇಂಥದ್ದನ್ನೆಲ್ಲ ಯಾರಾದ್ರೂ ಸುಮ್ನೆ ಕೇಳ್ತಾರಾ?"

ವಿಷಯ ಇಷ್ಟೇ. ಹಿಂದಿನ ವಾರ ಪಕ್ಕದ ಮನೆಯ ಶೆಡ್ಡಿನಿಂದ ಮರ ಕೊಯ್ಯುವ ಯಂತ್ರ ಕಳುವಾಗಿತ್ತು. ಅಮೆರಿಕದ ಮಿಸೂರಿ ರಾಜ್ಯದ ಆ ಪುಟ್ಟ ಊರಿನಲ್ಲಿ ಶಾಲಾ ಬಸ್ಸು ಓಡಿಸುವ ವೆಂಡೆಲ್‌ಗೆ ಅಂದಿನಿಂದ ಕಂಡವರೆಲ್ಲ ಕಳ್ಳರೇ. ಮೀಟರು ಓದುವವನು ಕಿಟಕಿಯತ್ತ ಎರಡು ಸಲ ಯಾಕೆ ನೋಡಿದ? ಹೊಸ ಪಾದ್ರಿ "ಮನೇಲಿ ಯಾವಾಗ ಇರ್ತೀರಿ?" ಎಂದು ಕೇಳಿದ್ದರ ಒಳಗುಟ್ಟೇನು? ಊರಿನಲ್ಲಿ ಬಂದೂಕಿಲ್ಲದ ಜಾಗಗಳೆಂದರೆ ಎರಡೇ: ಅಂಚೆ ಕಚೇರಿ ಮತ್ತು ವೆಂಡೆಲ್‌ನ ಮನೆ. ಇದು ಕಳ್ಳನಿಗೂ ಗೊತ್ತಿರಲೇಬೇಕು.

ಒಂದು ಬಂದೂಕು ಕೊಂಡರಾಯಿತು. ಆದರೆ ಒಂದು ತೊಡಕು. ಕಳ್ಳ ಬರುವುದು ಮಲಗುವ ಕೋಣೆಯ ಬಾಗಿಲಿಂದ. ಆ ಬಾಗಿಲ ನೇರಕ್ಕೆ, ಕಳ್ಳನ ಬೆನ್ನಹಿಂದೆ, ಗೋಡೆ. ಗೋಡೆಯೆಂದರೆ ಎರಡು ಜಿಪ್ಸಮ್ ಬೋರ್ಡು, ನಡುವೆ ಗಾಳಿ. ಸಿಟ್ಟಿನಲ್ಲಿ ಗುದ್ದಿದರೆ ಕೈ ಆಚೆ ಬರುತ್ತದೆ. ಆಚೆ ಅತ್ತೆಯ ಹಾಸಿಗೆ. ಹಾಗಾಗಿ ಅವನಿಗೆ ಬೇಕಿದ್ದದ್ದು ಕಳ್ಳನನ್ನು ತಡೆಯುವ, ಅತ್ತೆಯನ್ನು ಮುಟ್ಟದ ಗುಂಡು.

ಹಾರ್ಲನ್‌ನ ಬಂದೂಕಿನಂಗಡಿಯಲ್ಲಿ ಕಾಫಿ ಪಾತ್ರೆಯ ಸುತ್ತ ಮೂವರು ಶಸ್ತ್ರಪಂಡಿತರು ಸದಾಕಾಲ ವಿರಾಜಮಾನರಾಗಿರುತ್ತಾರೆ.

"ನೈನ್ ಎಂಎಂ ಪಿಸ್ತೂಲು ತಗೋ. ಧಾರಾಳವಾಗಿ ಸಾಕು," ಎಂದ ಒಬ್ಬ.

"ಸೊಳ್ಳೆ ಹೊಡೆಯೋಕಾ? ಗಂಡಸಾದ್ರೆ ಫಾರ್ಟಿಫೈವ್ ಹಿಡೀಬೇಕು."

"ಎರಡೂ ಬಿಡು ಮಾರಾಯ. ಹನ್ನೆರಡು ಬೋರಿನ ಕೋವಿ! ಅದರ ಸದ್ದು ಕೇಳಿದ್ರೇ ಕಳ್ಳ ಓಡಿಹೋಗಿ ಚರ್ಚು ಸೇರ್ತಾನೆ."

ವೆಂಡೆಲ್ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಸರಿ. ಎರಡು ಬೋರ್ಡು ದಾಟುತ್ತಾ, ಅಷ್ಟು ಹೇಳಿ. ಆಚೆ ನಮ್ಮತ್ತೆ ಮಲಗ್ತಾರೆ."

ಪಂಡಿತರಲ್ಲೊಬ್ಬ ಮುದುಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, "ನಂಗೂ ಒಬ್ಬಳು ಅತ್ತೆ ಇದ್ಲು ಕಣಪ್ಪ," ಎಂದು ನಿಟ್ಟುಸಿರುಬಿಟ್ಟ.

ಆ ಮುದುಕನ ಹೆಂಡತಿ ಮತ್ತು ಓಪಲ್ ಬುಧವಾರ ಒಂದೇ ಪಾರ್ಲರಿನಲ್ಲಿ ಕೂದಲು ಸುರುಳಿ ಮಾಡಿಸಿಕೊಳ್ಳುವವರು. ಅಂದು ಮನೆಗೆ ಬಂದ ಓಪಲ್ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಶನಿವಾರ ಪ್ರಯೋಗ. ಹಾರ್ಲನ್ ಮೂರೂ ಬಗೆಯ ಬಂದೂಕು ಹೊತ್ತು ಹಿತ್ತಲಿಗೆ ಬಂದ. ವೆಂಡೆಲ್ ಎರಡು ಬೋರ್ಡು ನಿಲ್ಲಿಸಿ, ಹಿಂದೆ ದಿಂಬಿಟ್ಟು, ಮೇಲೆ ಸಲಕ್ಕೊಂದರಂತೆ ಕಲ್ಲಂಗಡಿ ಇಟ್ಟ. (ದಿಂಬು ಅತ್ತೆಯದೇ. ಅಳತೆ ಪಕ್ಕಾ ಇರಬೇಕಲ್ಲ!) ಕಲ್ಲಂಗಡಿ ಉರುಳುತ್ತಿತ್ತೆಂದು ಅದಕ್ಕೆ ಅತ್ತೆಯ ಹಳೆಯ ಕೂದಲ ಬಲೆಯನ್ನೂ ತೊಡಿಸಿದ. ಢಂ! ಢಂ! ಢಂ! ಮೂರು ಗುಂಡು, ಮೂರು ಕಲ್ಲಂಗಡಿ, ಒಂದೂ ಉಳಿಯಲಿಲ್ಲ. ದುಃಖದಿಂದ ತಿರುಗಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ಓಪಲ್ ನಿಂತಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ವೆಂಡೆಲ್ ಬಟ್ಟೆಗೆ ಸಿಡಿದಿದ್ದ ಕೆಂಪು ತಿರುಳನ್ನು ಒರೆಸಿಕೊಳ್ಳತೊಡಗಿದ.

"ಅಮ್ಮನ ಕೂದಲ ಬಲೆ!" ರಾತ್ರಿಯೂಟಕ್ಕೆ ಕೂತಾಗ ಹೆಂಡತಿ ರೋಂಡಾ ಸಿಡಿದಳು. "ನಿಂಗೆ ತಲೆ ನೆಟ್ಟಗಿದೆಯಾ?"

"ಅತ್ತೆಗೆ ಏನೂ ಆಗಬಾರ್ದು ಅಂತ್ಲೇ ಕಣೇ ನಾನು..."

"ಬಿಡು ರೋಂಡಾ," ಎಂದಳು ಓಪಲ್ ತಣ್ಣಗೆ. "ಮೂರನೇ ಹಣ್ಣು ಒಡೆದಾಗ ಆ ಅಂಗಡಿಯವನು ಚಪ್ಪಾಳೆ ಹೊಡೆದ. ನಾನೇ ನೋಡ್ದೆ."

ವೆಂಡೆಲ್ ಪ್ರಮಾಣ ಮಾಡಿದ, ಗೋಡೆಯ ನಕ್ಷೆ ಬರೆದು ತೋರಿಸಿದ. ಬಂದೂಕೇ ಬೇಡ, ಈ ಜನ್ಮಕ್ಕೆ ಬೇಡ ಎಂದ. ರೋಂಡಾಳ ತೀರ್ಪು ಒಂದೇ: ಕೋಣೆ ಅದಲುಬದಲು. ದೊಡ್ಡ ಕೋಣೆಗೆ ಅಮ್ಮ, ಹೆದರಿರುವ ಅಮ್ಮನ ಜೊತೆಗೆ ಮಗಳು. ಗೋಡೆಯಾಚೆಯ ಪುಟ್ಟ ಕೋಣೆಗೆ ವೆಂಡೆಲ್. ಭಾನುವಾರ ಪೈ ಆಗಲಿಲ್ಲ. ಅದರಿಂದ ಅವನಿಗೆ ನಿಜಕ್ಕೂ ಸಂಕಟವಾಯಿತು.

ಗುರುವಾರ ಮಕ್ಕಳನ್ನೆಲ್ಲ ಇಳಿಸಿ ಕಾಫಿಗೆಂದು ಅಂಗಡಿಗೆ ಹೋದರೆ, ಹಾರ್ಲನ್ ಮುಖ ತಪ್ಪಿಸಿ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ.

"ಏನಾಯ್ತು?"

"ನಿಮ್ಮತ್ತೆ ಬಂದಿದ್ರು. ಫಾರಂ ತುಂಬಿದ್ರು. ಕಾನೂನಿನಂತೆ ಹಿನ್ನೆಲೆ ವಿಚಾರಿಸಿದ್ರೆ ಅಪ್ಪಟ ಚಿನ್ನ. ಕೊಡದೆ ಇರೋಕೆ ಆಗಲ್ಲ ನೋಡು."

"ಏನು ತಗೊಂಡ್ರು?"

"ಫಾರ್ಟಿಫೈವ್." ಹಾರ್ಲನ್ ದನಿ ತಗ್ಗಿಸಿದ. "ಒಂದೇ ಒಂದು ಪ್ರಶ್ನೆ ಕೇಳಿದ್ರಪ್ಪ. ಎರಡು ಬೋರ್ಡು ದಾಟುತ್ತಾ ಅಂತ. ನೀನೂ ಅದನ್ನೇ ಕೇಳಿದ್ದೆಯಲ್ಲ, ದಾಟುತ್ತೆ ಅಂತ ನಿಜ ಹೇಳಿಬಿಟ್ಟೆ."

ಸಂಜೆ ಐದಕ್ಕೆ ವೆಂಡೆಲ್ ಹಳೆಯ ವಿಶ್ವಕೋಶದ ಇಪ್ಪತ್ತಾರು ಸಂಪುಟಗಳನ್ನು ಗೋಡೆಗೆ ಒತ್ತಿ ಜೋಡಿಸುತ್ತಿದ್ದ. ಬಾಗಿಲು ತೆರೆಯಿತು. ಪೀಚ್ ಪೈ ಹಿಡಿದು ಓಪಲ್ ನಿಂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಮುಖದಲ್ಲಿ ಅಷ್ಟು ಸಿಹಿ ನಗೆಯನ್ನು ಅವನು ಕಂಡಿರಲಿಲ್ಲ.

"ವೆಂಡೆಲ್, ಮಗಾ, ನೀನು ತಲೆ ಯಾವ ಕಡೆ ಹಾಕಿ ಮಲಗ್ತೀಯಪ್ಪ?"

"ಯಾ... ಯಾಕೆ ಅತ್ತೆ?"

"ಸುಮ್ನೆ ಕೇಳ್ದೆ."